ಮಗಳಿಗೆ ಪದೇ ಪದೇ ನೆಗಡಿ, ಜ್ವರ: ಇಮ್ಯೂನಿಟಿ ಕಮ್ಮಿ ಆಗಿದೆಯಾ?

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನವರು. ಭತ್ತದ ಗದ್ದೆಯ ಪಕ್ಕದಲ್ಲೇ ಮನೆ. ಮಗಳಿಗೆ ನಾಲ್ಕೂವರೆ ವರ್ಷ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಆವಾಗಿನಿಂದ ಈ ಜನವರಿಯೊಳಗೆ ಏಳು ಸಲ ನೆಗಡಿ, ಕೆಮ್ಮು, ಜ್ವರ ಆಗಿದೆ. ಊರಲ್ಲಿ ಒಬ್ಬರು ಸೂಜಿ ಮಾಡುತ್ತಾರೆ. ಸಂಜೆಯೊಳಗೆ ಜ್ವರ ಇಳಿಯುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತದೆ. ಮೆಡಿಕಲ್ ಶಾಪಿನವರು ‘ಇಮ್ಯೂನಿಟಿ ಪವರ್ ಕಮ್ಮಿ’ ಅಂತ ಒಂದು ಪೌಡರ್, ಒಂದು ಟಾನಿಕ್ ಕೊಟ್ಟಿದ್ದಾರೆ. ಅತ್ತೆ ದಿನಾ ಅಮೃತಬಳ್ಳಿ ಕಷಾಯ ಕುಡಿಸು ಅನ್ನುತ್ತಾರೆ. ಒಂದೂವರೆ ವರ್ಷಕ್ಕೆ ಹಾಕಿಸುವ ಲಸಿಕೆ ಹಾಕಿಸಿಲ್ಲ, ಆಗ ನಾವು ಊರಲ್ಲಿ ಇರಲಿಲ್ಲ. ಈಗ ಹಾಕಿಸೋಣ ಅಂದರೆ ‘ಕೂಸು ವೀಕ್ ಆಗಿದೆ, ತಡೆಯೋದಿಲ್ಲ’ ಅನ್ನುತ್ತಾರೆ. ತೂಕ 14 ಕೆ.ಜಿ., ಹೋದ ವರ್ಷ 12.5 ಇತ್ತು. ಇಮ್ಯೂನಿಟಿ ಟೆಸ್ಟ್ ಮಾಡಿಸಬೇಕಾ? ಇನ್ನೊಂದು ವಿಷಯ, ನಮ್ಮ ಯಜಮಾನರಿಗೆ ಹೋದ ವರ್ಷ ಡೆಂಗಿ ಆಗಿತ್ತು. ಒಮ್ಮೆ ಬಂದರೆ ಮತ್ತೆ ಬರೋದಿಲ್ಲ ಅಲ್ವಾ?

ಉತ್ತರ: ನೀವು ಬರೆದದ್ದನ್ನೆಲ್ಲ ನೋಡಿದರೆ ಮಗಳ ರೋಗನಿರೋಧಕ ಶಕ್ತಿ ಕೆಟ್ಟಿದೆ ಅನ್ನಿಸುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ನಿದ್ದೆಗೆಡಿಸಿರುವುದು ಅದೇ. ಆದರೆ ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದ ವಿಷಯ ಎರಡಿವೆ. ಒಂದು ಊರಲ್ಲಿ ಮಾಡಿಸುತ್ತಿರುವ ಆ ಸೂಜಿ. ಇನ್ನೊಂದು ಬಿಟ್ಟುಹೋದ ಲಸಿಕೆ.

ಮೊದಲು ನೆಗಡಿಯ ಲೆಕ್ಕ ನೋಡೋಣ. ಈ ವಯಸ್ಸಿನ ಆರೋಗ್ಯವಂತ ಮಗುವಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಆಗುವುದು ಸಹಜ. ಶಾಲೆಗೆ ಸೇರಿದ ಮೊದಲ ವರ್ಷ ಅದು 10–12ಕ್ಕೂ ಹೋಗಬಹುದು. ಒಂದು ನೆಗಡಿ ವಾಸಿಯಾಗಲು 7ರಿಂದ 10 ದಿನ ಬೇಕು. ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ. ಎಂಟು ಸಲ, ಸಲಕ್ಕೆ ಹತ್ತು ದಿನ ಅಂದುಕೊಂಡರೂ ವರ್ಷಕ್ಕೆ 80 ದಿನ ಆಯಿತು. ಅದರಲ್ಲೂ ಹೆಚ್ಚಿನ ಪಾಲು ಮಳೆಗಾಲ, ಚಳಿಗಾಲದಲ್ಲೇ ಬರುತ್ತದೆ. ಹಾಗಾಗಿ ‘ನನ್ನ ಮಗು ಯಾವಾಗಲೂ ಹುಷಾರಿಲ್ಲ’ ಅಂತ ತಾಯಿಗೆ ಅನ್ನಿಸುವುದರಲ್ಲಿ ತಪ್ಪೇನಿಲ್ಲ. ರಾಯಚೂರಿನಲ್ಲಿ ನಾನು ಮಕ್ಕಳನ್ನು ನೋಡುವ ಒಪಿಡಿಯಲ್ಲಿ ಜುಲೈನಿಂದ ಫೆಬ್ರುವರಿ ತನಕ ಜಾಸ್ತಿ ಕೇಳುವ ಮಾತು ಇದೇ.

ಯಾಕೆ ಇಷ್ಟು ಸಲ? ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚಿವೆ. ಅದರಲ್ಲಿ ರೈನೋವೈರಸ್ ಅನ್ನುವ ಒಂದೇ ಗುಂಪಿನಲ್ಲಿ 160ಕ್ಕೂ ಹೆಚ್ಚು ಬಗೆ. ಒಂದನ್ನು ಗೆದ್ದರೆ ಇನ್ನೊಂದಕ್ಕೆ ರಕ್ಷಣೆ ಸಿಗುವುದಿಲ್ಲ. ಮಗು ಹುಟ್ಟುವಾಗ ತಾಯಿಯ ಆ್ಯಂಟಿಬಾಡಿಗಳನ್ನು, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್‌ಗಳನ್ನು, ಹೊತ್ತುಕೊಂಡೇ ಬರುತ್ತದೆ. ಅವು ಸುಮಾರು ಆರು ತಿಂಗಳಿಗೆ ಕರಗುತ್ತವೆ. ಆಮೇಲೆ ತನ್ನವನ್ನು ತಾನೇ ಮಾಡಿಕೊಳ್ಳಬೇಕು. ನಿಮ್ಮ ಮಗಳು ಮನೆಯಲ್ಲಿದ್ದಷ್ಟು ದಿನ ಎದುರಾಗದ ವೈರಸ್‌ಗಳು ಜೂನ್‌ನಲ್ಲಿ ಒಂದೇ ಕೋಣೆಯಲ್ಲಿ ಮೂವತ್ತು ನಲವತ್ತು ಮಕ್ಕಳ ಜೊತೆ ಎದುರಾದವು.

ಈಗ ದೇಹದೊಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಇದು ಗೊತ್ತಾದರೆ ಪೌಡರ್, ಸೂಜಿ, ಲಸಿಕೆ ಮೂರರ ಬಗ್ಗೆಯೂ ನೀವೇ ತೀರ್ಮಾನ ಮಾಡಬಹುದು.

ರೋಗಾಣುಗಳಲ್ಲಿ ಬಹುಪಾಲು ಒಳಗೆ ಬರುವುದೇ ಇಲ್ಲ. ಚರ್ಮ ತಡೆಯುತ್ತದೆ. ಹೊಟ್ಟೆಯ ಆಮ್ಲ ಕೊಲ್ಲುತ್ತದೆ. ಮೂಗು ಮತ್ತು ಶ್ವಾಸನಾಳದ ಲೋಳೆ ಅಂಟಿಸಿಕೊಳ್ಳುತ್ತದೆ, ಅಲ್ಲಿನ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಈ ರೋಮಗಳನ್ನು ಹಾಳು ಮಾಡುವುದು ಹೊಗೆ. ಬೀಡಿ ಹೊಗೆ, ಸ್ನಾನದ ನೀರು ಕಾಯಿಸುವ ಕಟ್ಟಿಗೆ ಒಲೆಯ ಹೊಗೆ, ಸುಗ್ಗಿ ಮುಗಿದ ಮೇಲೆ ಭತ್ತದ ಹುಲ್ಲು ಸುಡುವ ಹೊಗೆ. ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಿದ್ದರೆ, ಮಗಳ ಕೆಮ್ಮಿಗೆ ಯಾವ ಟಾನಿಕ್‌ಗಿಂತ ಮೊದಲು ನಿಲ್ಲಬೇಕಾದದ್ದು ಅದು.

ಈ ತಡೆ ದಾಟಿ ಒಳಗೆ ಬಂದದ್ದನ್ನು ಎದುರಿಸುವುದು ಬಿಳಿ ರಕ್ತಕಣಗಳು. ಅವುಗಳಲ್ಲಿ ಎರಡು ಬಗೆಯ ಕೆಲಸ ಇದೆ. ಒಂದು ತಕ್ಷಣದ್ದು. ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಅನ್ನುವ ಕಣಗಳು ಕೆಲವೇ ಗಂಟೆಗಳಲ್ಲಿ ಓಡಿಬಂದು ರೋಗಾಣುವನ್ನು ನುಂಗಿ ಜೀರ್ಣಿಸುತ್ತವೆ. ಯಾವ ರೋಗಾಣು ಅಂತ ಅವು ಹೆಚ್ಚು ವಿಚಾರಿಸುವುದಿಲ್ಲ, ಹೊರಗಿನದು ಅಂತ ಗೊತ್ತಾದರೆ ಸಾಕು. ದೊಡ್ಡವರ ಎಲುಬಿನ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಗಾಯದಲ್ಲಿ ಕಾಣುವ ಕೀವು ಅಂದರೆ ಕೆಲಸ ಮುಗಿಸಿ ಸತ್ತ ಈ ಕಣಗಳೇ. ನೆಗಡಿ ಮೂರನೇ ನಾಲ್ಕನೇ ದಿನ ಹಳದಿ, ಹಸಿರು ಬಣ್ಣಕ್ಕೆ ತಿರುಗುತ್ತದಲ್ಲ, ಆ ಹಸಿರು ನ್ಯೂಟ್ರೋಫಿಲ್ ಒಳಗಿರುವ ಒಂದು ಕಿಣ್ವದ ಬಣ್ಣ. ಎಷ್ಟೋ ಮಂದಿ ಅದನ್ನು ನೋಡಿ ‘ಸೋಂಕು ಜಾಸ್ತಿ ಆಗಿದೆ’ ಅಂತ ಆ್ಯಂಟಿಬಯೋಟಿಕ್ ಕೇಳುತ್ತಾರೆ. ಬಣ್ಣ ಒಂದರಿಂದಲೇ ಆ್ಯಂಟಿಬಯೋಟಿಕ್ ಬೇಕು ಅಂತ ಆಗುವುದಿಲ್ಲ. ವೈರಸ್ ಮೇಲೆ ಆ್ಯಂಟಿಬಯೋಟಿಕ್ ಕೆಲಸವನ್ನೇ ಮಾಡುವುದಿಲ್ಲ.

ಜ್ವರವೂ ಈ ಹೋರಾಟದ ಭಾಗವೇ. ಈ ಕಣಗಳು ಬಿಡುವ ರಾಸಾಯನಿಕಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ದೇಹದ ಉಷ್ಣತೆಯನ್ನು ಬೇಕೆಂದೇ ಏರಿಸುತ್ತದೆ. ಅದಕ್ಕೇ ಜ್ವರ ಏರುವಾಗ ಮಗು ನಡುಗುತ್ತದೆ, ಕೈಕಾಲು ತಣ್ಣಗಿದ್ದು ಹೊಟ್ಟೆ ಸುಡುತ್ತದೆ. ರೈನೋವೈರಸ್‌ಗೆ ಮೂಗಿನೊಳಗಿನ 33–34 ಡಿಗ್ರಿ ಸೆಲ್ಸಿಯಸ್ ತಂಪು ಇಷ್ಟ. ದೇಹ ಬಿಸಿಯಾದರೆ ಅದರ ಬೆಳವಣಿಗೆ ಕುಗ್ಗುತ್ತದೆ, ನಮ್ಮ ಕಣಗಳು ಚುರುಕಾಗುತ್ತವೆ. ಹಾಗಂತ ಮಗು ನರಳುವಾಗ ಸುಮ್ನೆ ನೋಡುತ್ತಾ ಕೂರಬೇಕು ಅಂತಲ್ಲ. ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಸಿರಪ್‌ಗಳಲ್ಲಿ ಬೇರೆ ಬೇರೆ ಸ್ಟ್ರೆಂತ್ ಇರುತ್ತದೆ, ಬಾಟಲಿ ತೋರಿಸಿ ಎಷ್ಟು ಮಿ.ಲೀ. ಅಂತ ವೈದ್ಯರ ಹತ್ತಿರ ಬರೆಸಿಕೊಳ್ಳಿ. ನಮ್ಮ ಬಿಸಿಲಿನಲ್ಲಿ ಜ್ವರದ ಮಗುವಿಗೆ ಕಂಬಳಿ ಹೊದಿಸುವುದು ಮಾತ್ರ ಖಂಡಿತ ಬೇಡ. ತೆಳು ಬಟ್ಟೆ, ಗಾಳಿ, ಗಳಿಗೆಗೊಮ್ಮೆ ನೀರು ಸಾಕು.

ಎರಡನೇ ಬಗೆಯ ಕಣಗಳ ಕೆಲಸ ನಿಧಾನ, ಆದರೆ ಬೆರಗು ಹುಟ್ಟಿಸುವಂಥದ್ದು. ಬಿ ಕಣ, ಟಿ ಕಣ ಅಂತ ಕರೆಯುತ್ತೇವೆ. ಒಂದೊಂದು ಕಣವೂ ಒಂದೊಂದೇ ಆಕಾರವನ್ನು ಗುರುತಿಸಬಲ್ಲದು. ಮುಂದೆ ಯಾವ ರೋಗಾಣು ಬರುತ್ತದೋ ಗೊತ್ತಿಲ್ಲದೆಯೇ ದೇಹ ಕೋಟಿಗಟ್ಟಲೆ ಬೇರೆ ಬೇರೆ ಆಕಾರಗಳ ಕಣಗಳನ್ನು ಮೊದಲೇ ತಯಾರು ಮಾಡಿ ಇಟ್ಟಿರುತ್ತದೆ. ವಂಶವಾಹಿಯ ತುಣುಕುಗಳನ್ನು ಕತ್ತರಿಸಿ, ಹೊಸದಾಗಿ ಜೋಡಿಸಿ ಇದನ್ನು ಸಾಧಿಸುತ್ತದೆ. ಇದನ್ನು ಕಂಡುಹಿಡಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ರೋಗಾಣು ಒಳಗೆ ಬಂದಾಗ ಅದಕ್ಕೆ ಹೊಂದುವ ಕೆಲವೇ ಕಣಗಳು ಎಚ್ಚರಗೊಂಡು ಲಕ್ಷಗಟ್ಟಲೆ ಆಗುತ್ತವೆ. ಬಿ ಕಣಗಳು ಆ್ಯಂಟಿಬಾಡಿ ಸುರಿಸುತ್ತವೆ. ಟಿ ಕಣಗಳು ವೈರಸ್ ಹೊಕ್ಕ ಜೀವಕೋಶಗಳನ್ನೇ ಕೊಲ್ಲುತ್ತವೆ. ಈ ಕಣಗಳು ಎಚ್ಚರಗೊಂಡು ಹೆಚ್ಚುವುದು ಮುಖ್ಯವಾಗಿ ಕತ್ತು, ಕಂಕುಳ, ತೊಡೆಸಂದಿನಂಥ ಕಡೆ ಇರುವ ದುಗ್ಧಗ್ರಂಥಿಗಳಲ್ಲಿ. ನೆಗಡಿ ಆದಾಗ ಮಗಳ ಕತ್ತಿನ ಪಕ್ಕ ಕೈಗೆ ಸಿಗುವ ಸಣ್ಣ ಗಂಟುಗಳು ಇವೇ. ಎರಡು ಮೂರು ವಾರದಲ್ಲಿ ತಾವಾಗಿ ಕುಗ್ಗಿದರೆ ಚಿಂತೆ ಬೇಡ. ಕುಗ್ಗದೆ ದೊಡ್ಡದಾಗುತ್ತಾ ಹೋದರೆ ಟಿಬಿ ಇದೆಯಾ ಅಂತ ನೋಡಬೇಕು.

ಮೊದಲ ಸಲ ಈ ಕೆಲಸಕ್ಕೆ ಒಂದರಿಂದ ಎರಡು ವಾರ ಹಿಡಿಯುತ್ತದೆ. ಆಮೇಲೆ ಬಹುಪಾಲು ಕಣಗಳು ಸಾಯುತ್ತವೆ, ಕೆಲವು ನೆನಪಿನ ಕಣಗಳಾಗಿ ಉಳಿಯುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಒಂದೆರಡು ದಿನದಲ್ಲೇ ಎದ್ದು ನಿಲ್ಲುತ್ತವೆ. ಈ ನೆನಪು ಎಷ್ಟು ಗಟ್ಟಿ ಗೊತ್ತಾ? 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿತು. ಹಿಂದಿನ ಸಲ ಅಲ್ಲಿ ದಡಾರ ಬಂದಿದ್ದು 1781ರಲ್ಲಿ. ಆಗ ರೋಗ ತಗುಲಿ ಬದುಕಿದ್ದ ಮುದುಕರಿಗೆ 65 ವರ್ಷದ ನಂತರವೂ ಮತ್ತೆ ದಡಾರ ಬರಲಿಲ್ಲ. ಲುಡ್ವಿಗ್ ಪಾನಮ್ ಅನ್ನುವ ಯುವ ವೈದ್ಯ ಇದನ್ನು ಗಮನಿಸಿ ಬರೆದಿಟ್ಟ.

ಇಷ್ಟು ತಿಳಿದ ಮೇಲೆ ಮೆಡಿಕಲ್ ಶಾಪಿನವರ ‘ಪವರ್’ ಮಾತಿಗೆ ಬರೋಣ. ಇಮ್ಯೂನಿಟಿ ಏರಿಸಿದಷ್ಟೂ ಒಳ್ಳೆಯದು ಅನ್ನುವುದೇ ತಪ್ಪು ಕಲ್ಪನೆ. ನಿಮ್ಮ ಕಡೆ ಕಾಲುವೆ ನೀರು ಬೇಕಾದ ಹೊತ್ತಿಗೆ ಬೇಕಾದಷ್ಟು ಬಂದರೆ ಭತ್ತ. ಅಳತೆ ಮೀರಿ ನಿಲ್ಲಿಸಿದ ಹೊಲ ಸವಳು ಹಿಡಿದು ಹಾಳಾದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಇದೂ ಹಾಗೆಯೇ. ಧೂಳಿಗೆ, ಹೂವಿನ ಪರಾಗಕ್ಕೆ ರೋಗನಿರೋಧಕ ವ್ಯವಸ್ಥೆ ವಿನಾಕಾರಣ ಕೆರಳಿದರೆ ಅಲರ್ಜಿ, ಅಸ್ತಮಾ. ತನ್ನ ಕೀಲುಗಳ ಮೇಲೇ ತಿರುಗಿದರೆ ರುಮಟಾಯ್ಡ್ ಸಂಧಿವಾತ. ಇನ್ಸುಲಿನ್ ತಯಾರಿಸುವ ಕಣಗಳನ್ನು ಕೊಂದರೆ ಮಕ್ಕಳ ಸಕ್ಕರೆ ಕಾಯಿಲೆ. ಅದಕ್ಕೇ ದೇಹದಲ್ಲಿ ಈ ವ್ಯವಸ್ಥೆಯನ್ನು ತಡೆದು ಹಿಡಿಯುವ ಟಿ ಕಣಗಳೂ ಇವೆ. 2025ರ ವೈದ್ಯಕೀಯ ನೊಬೆಲ್ ಬಂದದ್ದು ಈ ತಡೆಯನ್ನು ಕಂಡುಹಿಡಿದ ಶಿಮೊನ್ ಸಕಾಗುಚಿ, ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ. ಹಾಗಾಗಿ ಒಟ್ಟಾರೆ ‘ಬೂಸ್ಟ್’ ಮಾಡುವ ಔಷಧಿ ಅಂತ ಒಂದಿಲ್ಲ. ಇದ್ದಿದ್ದರೆ ಅದನ್ನು ಮಗುವಿಗೆ ಕೊಡಲು ನಾನಂತೂ ಹೆದರುತ್ತಿದ್ದೆ.

ಪೌಡರ್ ಡಬ್ಬಿಯ ಹಿಂದೆ ಓದಿ. ಇಂಥವುಗಳಲ್ಲಿ ಹೆಚ್ಚಾಗಿ ಇರುವುದು ಸಕ್ಕರೆ, ಮಾಲ್ಟ್ ಮತ್ತು ಒಂದಿಷ್ಟು ವಿಟಮಿನ್. ಹಾನಿ ಕಮ್ಮಿ, ಉಪಯೋಗವೂ ಕಮ್ಮಿ. ವಿಟಮಿನ್ ಸಿ ದಿನಾ ತೆಗೆದುಕೊಂಡರೂ ನೆಗಡಿ ಬರುವುದು ಕಮ್ಮಿ ಆಗುವುದಿಲ್ಲ, ಬಂದ ನೆಗಡಿ ಸ್ವಲ್ಪ ಬೇಗ ಹೋಗಬಹುದು ಅಷ್ಟೆ. ಎಚ್ಚರ ಬೇಕಾದದ್ದು ವಿಟಮಿನ್ ಎ ಮತ್ತು ಡಿ ವಿಷಯದಲ್ಲಿ. ಇವು ದೇಹದಲ್ಲೇ ಶೇಖರ ಆಗುತ್ತವೆ. 60,000 ಯೂನಿಟ್‌ನ ಡಿ ವಿಟಮಿನ್ ಸ್ಯಾಚೆಟ್ ಅನ್ನು ಟೆಸ್ಟ್ ಇಲ್ಲದೆ ತಿಂಗಳುಗಟ್ಟಲೆ ವಾರವಾರ ಕುಡಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ತೊಂದರೆ ಆಗುತ್ತದೆ.

ಅತ್ತೆಯವರ ಅಕ್ಕರೆ ನನಗೆ ಅರ್ಥವಾಗುತ್ತದೆ. ಅರಿಸಿನದ ಹಾಲು ಕೊಡಲಿ, ರಾತ್ರಿ ಕೆಮ್ಮಿಗೆ ಒಂದು ಚಮಚ ಜೇನು ಕೊಡಲಿ. ಜೇನು ನಿಜಕ್ಕೂ ಕೆಮ್ಮು ತಗ್ಗಿಸುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಕೊಡಬಾರದು. ಆದರೆ ದಿನಾ ಅಮೃತಬಳ್ಳಿ ಕಷಾಯ ಬೇಡ. ಕೊರೊನಾ ಕಾಲದಲ್ಲಿ ಇದನ್ನು ದಿನವೂ ಕುಡಿದ ಕೆಲವರಲ್ಲಿ ಲಿವರ್ ಊದಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ನಾಲ್ಕು ವರ್ಷದ ಮಗುವಿನ ಮೇಲೆ ಅದನ್ನು ಪರೀಕ್ಷಿಸುವ ಅಗತ್ಯ ಏನಿದೆ?

ಈಗ ಆ ಸೂಜಿ. ಸಂಜೆಯೊಳಗೆ ಜ್ವರ ಇಳಿಸುವ ಸೂಜಿಯಲ್ಲಿ ಸಾಮಾನ್ಯವಾಗಿ ಇರುವುದು ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ, ಇಲ್ಲವೇ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್, ಎಷ್ಟೋ ಸಲ ಎರಡೂ. ಡೆಕ್ಸಾಮೆಥಾಸೋನ್ ಬಹಳ ಬೆಲೆಬಾಳುವ ಔಷಧಿ, ಸರಿಯಾದ ಜಾಗದಲ್ಲಿ ಜೀವ ಉಳಿಸುತ್ತದೆ. ಆದರೆ ಅದು ಮಾಡುವ ಕೆಲಸವೇ ರೋಗನಿರೋಧಕ ವ್ಯವಸ್ಥೆಯನ್ನು ಅದುಮುವುದು. ಮೇಲೆ ಹೇಳಿದ, ಜ್ವರ ಏರಿಸುವ ರಾಸಾಯನಿಕಗಳನ್ನೇ ಅದು ನಿಲ್ಲಿಸುತ್ತದೆ. ಜ್ವರ ಇಳಿಯುತ್ತದೆ, ಮಗು ಎದ್ದು ಆಡುತ್ತದೆ, ರೋಗಾಣು ಅಲ್ಲೇ ಇರುತ್ತದೆ. ಇಮ್ಯೂನಿಟಿ ಕಮ್ಮಿ ಅಂತ ಪೌಡರ್ ಕೊಡಿಸುತ್ತಾ, ಇನ್ನೊಂದು ಕೈಯಲ್ಲಿ ಅದನ್ನೇ ಕುಗ್ಗಿಸುವ ಸೂಜಿ ಮಾಡಿಸುತ್ತಿದ್ದೀರಿ. ಪದೇ ಪದೇ ಸ್ಟೀರಾಯ್ಡ್ ಹೋದರೆ ಮಗುವಿನ ಎತ್ತರ ಕುಂಠಿತವಾಗುತ್ತದೆ, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ನಿಲ್ಲಬಹುದು. ಡೈಕ್ಲೋಫೆನಾಕ್ ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ತರುತ್ತದೆ. ಸೂಜಿ ಹೊಸದೇ ಅನ್ನುವ ಖಾತ್ರಿ ಇಲ್ಲದಿದ್ದರೆ ಹೆಪಟೈಟಿಸ್ ಬಿ, ಎಚ್‌ಐವಿ ಭಯ ಬೇರೆ. ದಯವಿಟ್ಟು ಇದನ್ನು ನಿಲ್ಲಿಸಿ. ಇಲ್ಲಿಯವರೆಗೆ ಏನೇನು ಕೊಟ್ಟಿದ್ದಾರೆ ಅಂತ ಅವರಿಂದ ಚೀಟಿಯಲ್ಲಿ ಬರೆಸಿಕೊಂಡು ಮಕ್ಕಳ ವೈದ್ಯರಿಗೆ ತೋರಿಸಿ.

ತೂಕದ ವಿಷಯ. ನಾಲ್ಕೂವರೆ ವರ್ಷದ ಹುಡುಗಿಯ ಸರಾಸರಿ ತೂಕ ಸುಮಾರು 17 ಕೆ.ಜಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕೆಳಗಿನ ಗೆರೆ 13ರ ಆಸುಪಾಸು. 14 ಅಂದರೆ ಗೆರೆಯ ಮೇಲಿದ್ದಾಳೆ, ಆದರೆ ಅಂಚಿನಲ್ಲಿ. ವರ್ಷಕ್ಕೆ ಒಂದೂವರೆ ಕೆ.ಜಿ. ಏರಿದ್ದು ಸಮಾಧಾನ, ಎರಡು ಕೆ.ಜಿ. ಏರಿದ್ದರೆ ಇನ್ನೂ ಒಳ್ಳೆಯದಿತ್ತು. ಈ ಕಣಗಳು, ಆ್ಯಂಟಿಬಾಡಿಗಳು ಎಲ್ಲ ಪ್ರೋಟೀನ್‌ನಿಂದ ಆದವು. ಪೌಡರ್ ದುಡ್ಡಿನಲ್ಲಿ ದಿನಕ್ಕೊಂದು ಮೊಟ್ಟೆ ಬರುತ್ತದೆ. ಮೊಟ್ಟೆ ತಿನ್ನದ ಮನೆಯಾದರೆ ಶೇಂಗಾ ಚಟ್ನಿಪುಡಿ ಕಲಸಿದ ಮೊಸರನ್ನ, ಮೊಳಕೆ ಹೆಸರುಕಾಳು, ತೊವ್ವೆಯಲ್ಲಿ ನೆನೆಸಿದ ರೊಟ್ಟಿಗೆ ಒಂದು ಚಮಚ ತುಪ್ಪ. ಬಾಳೆಹಣ್ಣು, ಮೊಸರಿನಿಂದ ನೆಗಡಿ ಆಗುತ್ತದೆ ಅನ್ನುವುದು ಸುಳ್ಳು, ಅವನ್ನು ನಿಲ್ಲಿಸಬೇಡಿ. ರಕ್ತಹೀನತೆ ಇದೆಯಾ ಅಂತಲೂ ನೋಡಿಸಿ. ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ದರೆ ಚಿಕಿತ್ಸೆ ಬೇಕು. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಈ ತೊಂದರೆ ಇದೆ. ವಾರಕ್ಕೆರಡು ಸಲ ಕೊಡುವ ಕಬ್ಬಿಣಾಂಶದ ಸಿರಪ್, ಆರು ತಿಂಗಳಿಗೊಮ್ಮೆ ವಿಟಮಿನ್ ಎ, ಜಂತುಹುಳದ ಮಾತ್ರೆ ಮೂರೂ ಅಂಗನವಾಡಿ, ಆಶಾ ಕಾರ್ಯಕರ್ತೆಯ ಮೂಲಕ ಉಚಿತವಾಗಿ ಸಿಗುತ್ತವೆ. ಟಾನಿಕ್ ಅಂತ ಬೇಕಿದ್ದರೆ ನಿಜವಾದ ಟಾನಿಕ್ ಇವು.

ಇನ್ನು ಲಸಿಕೆ. ರೋಗ ಬರಿಸದೆಯೇ ನೆನಪಿನ ಕಣಗಳನ್ನು ಹುಟ್ಟಿಸುವುದು ಲಸಿಕೆಯ ಕೆಲಸ. ‘ವೀಕ್ ಆಗಿದೆ, ತಡೆಯೋದಿಲ್ಲ’ ಅನ್ನುವುದು ಉಲ್ಟಾ ಮಾತು. ತೂಕ ಕಮ್ಮಿ ಇರುವ ಮಗುವಿಗೆ ದಡಾರ ಬಂದರೆ ಅಪಾಯ ಜಾಸ್ತಿ, ಲಸಿಕೆ ಅವಳಿಗೇ ಮೊದಲು ಬೇಕು. ಸಣ್ಣ ನೆಗಡಿ, ಕೆಮ್ಮು ಇದ್ದರೂ ಹಾಕಿಸಬಹುದು. ಜೋರು ಜ್ವರ ಇದ್ದರೆ ಮಾತ್ರ ಇಳಿಯುವ ತನಕ ಕಾಯಿರಿ.

ಒಂದೂವರೆ ವರ್ಷಕ್ಕೆ ಬಿಟ್ಟುಹೋದದ್ದರಲ್ಲಿ ಮೂರು ಮುಖ್ಯ. ದಡಾರ-ರುಬೆಲ್ಲಾದ ಎರಡನೇ ಡೋಸ್, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಬೂಸ್ಟರ್, ಮಿದುಳು ಜ್ವರ ಅಂದರೆ ಜೆಇ ಲಸಿಕೆಯ ಎರಡನೇ ಡೋಸ್. ದಡಾರವನ್ನು, ಹಳ್ಳಿಗಳಲ್ಲಿ ಗೊಬ್ಬರ ಅನ್ನುತ್ತಾರಲ್ಲ ಅದನ್ನು, ಜನ ಹಗುರವಾಗಿ ನೋಡುತ್ತಾರೆ. ಅದು ನೆನಪಿನ ಕಣಗಳನ್ನೇ ಅಳಿಸಿಹಾಕುತ್ತದೆ. ಲಸಿಕೆ ಹಾಕಿಸದೆ ದಡಾರ ಬಂದ ನೆದರ್ಲೆಂಡ್ಸ್‌ನ 77 ಮಕ್ಕಳ ರಕ್ತ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ರೋಗಗಳ ವಿರುದ್ಧ ಅವರು ಗಳಿಸಿದ್ದ ಆ್ಯಂಟಿಬಾಡಿಗಳಲ್ಲಿ ಶೇ 11ರಿಂದ 73ರಷ್ಟು ಮಾಯವಾಗಿದ್ದವು. ಏಳು ನೆಗಡಿ ಎದುರಿಸಿ ನಿಮ್ಮ ಮಗಳು ಕಲಿತದ್ದರಲ್ಲಿ ದೊಡ್ಡ ಪಾಲು ಒಂದು ದಡಾರಕ್ಕೆ ಹೋಗಬಹುದು.

ಜೆಇ ನಿಮಗೆ ಇನ್ನೂ ಹತ್ತಿರದ ವಿಷಯ. ಅದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಭತ್ತದ ಗದ್ದೆಯ ನಿಂತ ನೀರಿನಲ್ಲೇ ಬೆಳೆಯುತ್ತದೆ. ವೈರಸ್ ಇರುವುದು ಹಂದಿ ಮತ್ತು ಬೆಳ್ಳಕ್ಕಿಗಳಲ್ಲಿ. ಗದ್ದೆ, ಬೆಳ್ಳಕ್ಕಿ, ಊರ ಹಂದಿ ಮೂರೂ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಇವೆ. ಅದಕ್ಕೇ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಈ ಲಸಿಕೆ ಸರ್ಕಾರಿ ಪಟ್ಟಿಯಲ್ಲಿದೆ. ವೈರಸ್ ತಗುಲಿದವರಲ್ಲಿ ಬಹಳ ಜನಕ್ಕೆ ಏನೂ ಆಗುವುದಿಲ್ಲ. ಆದರೆ ಮಿದುಳಿಗೆ ಏರಿದವರಲ್ಲಿ ನೂರಕ್ಕೆ 30ರ ತನಕ ಸಾವು, ಬದುಕಿದ ಎಷ್ಟೋ ಮಕ್ಕಳಿಗೆ ಶಾಶ್ವತ ಅಂಗವೈಕಲ್ಯ. ಇದಕ್ಕೆ ಔಷಧಿ ಇಲ್ಲ, ಲಸಿಕೆ ಇದೆ.

ಬಿಟ್ಟುಹೋದ ಡೋಸ್‌ಗೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ದಡಾರದ ಡೋಸ್ 5 ವರ್ಷದ ತನಕ, ಡಿಪಿಟಿ 7ರ ತನಕ, ಜೆಇ 15ರ ತನಕ ಕೊಡುತ್ತಾರೆ. ಮಗಳಿಗೆ ಐದು ತುಂಬಲು ಆರೇ ತಿಂಗಳಿದೆ. ತಾಯಿ ಕಾರ್ಡ್ ತೆಗೆದುಕೊಂಡು ಬರುವ ಗುರುವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಊರಲ್ಲಿ ಮಾಡಿಸಿದ ಸೂಜಿಗಳ ವಿಷಯವನ್ನೂ ಅಲ್ಲಿ ಹೇಳಿ. ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಜ್ವರ, ತೊಡೆ ಅಥವಾ ತೋಳು ನೋವು ಬರಬಹುದು. ಗಂಭೀರ ಅಲರ್ಜಿ ಬಹಳ ಅಪರೂಪ, ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ.

ಇಮ್ಯೂನಿಟಿ ಟೆಸ್ಟ್ ಬಗ್ಗೆ: ಈಗ ಬೇಡ. ಹುಟ್ಟಿನಿಂದಲೇ ರೋಗನಿರೋಧಕ ದೋಷ ಇರುವ ಮಕ್ಕಳು ಇದ್ದಾರೆ, ಆದರೆ ಅವರ ಕಥೆ ಬೇರೆ ಇರುತ್ತದೆ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಸಲ ಕಿವಿ ಸೋರುವುದು, ಆಳವಾದ ಕುರು ಮತ್ತೆ ಮತ್ತೆ, ಬಾಯಲ್ಲಿ ಹೋಗದ ಬಿಳಿ ಅಗ್ರ, ಎರಡು ತಿಂಗಳು ಆ್ಯಂಟಿಬಯೋಟಿಕ್ ಕೊಟ್ಟರೂ ಗುಣ ಕಾಣದಿರುವುದು, ತೂಕ ಏರದೇ ಇರುವುದು, ಮನೆತನದಲ್ಲಿ ಕೂಸುಗಳು ಸೋಂಕಿನಿಂದ ತೀರಿಕೊಂಡಿರುವುದು. ಹತ್ತಿರದ ಸಂಬಂಧದಲ್ಲಿ ಮದುವೆ ಆಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಇಂಥದ್ದು ಇದ್ದರೆ ಮೊದಲು ಸಾದಾ ರಕ್ತಪರೀಕ್ಷೆ, ಆಮೇಲೆ ಇಮ್ಯುನೋಗ್ಲಾಬ್ಯುಲಿನ್ ಅಂದರೆ ರಕ್ತದಲ್ಲಿನ ಆ್ಯಂಟಿಬಾಡಿಗಳ ಮಟ್ಟ, ಅಗತ್ಯ ಬಿದ್ದರೆ ಬೆಂಗಳೂರು ಅಥವಾ ಹೈದರಾಬಾದ್. ಸಾವಿರಾರು ರೂಪಾಯಿಯ ‘ಇಮ್ಯೂನಿಟಿ ಪ್ಯಾಕೇಜ್’ ಯಾವ ಹಂತದಲ್ಲೂ ಬೇಕಿಲ್ಲ. ಟೆಸ್ಟ್‌ಗಾಗಿ ಅಲ್ಲದೆ ತುರ್ತಾಗಿ ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ ಅಂದರೆ, ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ನೀರೂ ಕುಡಿಯದೆ ಮಂಪರಾದರೆ, ಫಿಟ್ಸ್ ಬಂದರೆ. ಜ್ವರ ಮೂರು ದಿನ ದಾಟಿದರೂ ವೈದ್ಯರಿಗೆ ತೋರಿಸಲೇಬೇಕು.

ಕೊನೆಗೆ ನಿಮ್ಮ ಯಜಮಾನರ ಡೆಂಗಿ. ಮತ್ತೆ ಬರಬಹುದು. ಡೆಂಗಿ ವೈರಸ್ ನಾಲ್ಕು ಬಗೆ. ಬಂದ ಬಗೆಗೆ ಜೀವನಪೂರ್ತಿ ರಕ್ಷಣೆ ಸಿಗುತ್ತದೆ, ಉಳಿದ ಮೂರಕ್ಕೆ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆ ಬಂದರೆ ಹಳೆಯ ಆ್ಯಂಟಿಬಾಡಿ ಅದಕ್ಕೆ ಅಂಟಿಕೊಳ್ಳುತ್ತದೆ, ಆದರೆ ಕೊಲ್ಲುವುದಿಲ್ಲ. ಬದಲಿಗೆ ವೈರಸ್ ನಮ್ಮ ಕಣಗಳೊಳಗೆ ಸುಲಭವಾಗಿ ನುಗ್ಗುವಂತೆ ಮಾಡುತ್ತದೆ. ಅದಕ್ಕೇ ಎರಡನೇ ಸಲದ ಡೆಂಗಿ ಮೊದಲನೆಯದಕ್ಕಿಂತ ಅಪಾಯ. ಡೆಂಗಿ ಸೊಳ್ಳೆ ಗದ್ದೆಯಲ್ಲಿ ಅಲ್ಲ, ಮನೆಯಲ್ಲಿ ತುಂಬಿಟ್ಟ ನೀರಿನಲ್ಲಿ ಬೆಳೆಯುತ್ತದೆ. ಡ್ರಮ್ಮು, ಸಿಂಟೆಕ್ಸು, ಎಮ್ಮೆಗೆ ನೀರಿಡುವ ತೊಟ್ಟಿ ಎಲ್ಲವನ್ನೂ ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಿರಿ, ಮುಚ್ಚಿಡಿ. ಅವರಿಗೆ ಮತ್ತೆ ಜೋರು ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ, ಸೂಜಿ ಏನೂ ಬೇಡ. ಆಸ್ಪತ್ರೆಗೆ ಹೋದ ಕೂಡಲೇ ‘ಹಿಂದೆ ಡೆಂಗಿ ಆಗಿತ್ತು’ ಅಂತ ಹೇಳಿ. ಜ್ವರ ಇಳಿದ ಮೇಲಿನ ಎರಡು ದಿನ ಇನ್ನೂ ಹುಷಾರಾಗಿರಿ: ಆಗ ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು ಕಂಡರೆ ರಾತ್ರಿಯಾದರೂ ಕಾಯದೆ ಕರೆದುಕೊಂಡು ಬನ್ನಿ.